ಅಲಗು ಕರಗಿ ಹಿಡಿ ಉಳಿದಾಗ

ಮಣ್ಣಿನಡಿ ಹೂತುಹೋದ ಹಳೆಯ ಬಾಕು ಹೊರಬರುವಾಗ ಸಾಮಾನ್ಯವಾಗಿ ಹಿಡಿ ಇರುವುದಿಲ್ಲ. ಮರ ಕೊಳೆತುಹೋಗುತ್ತದೆ, ತುಕ್ಕು ತಿಂದ ಅಲಗು ಹೇಗೋ ಉಳಿದುಕೊಳ್ಳುತ್ತದೆ. 1545ರ ಜುಲೈನಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿದ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್‌ನಲ್ಲಿ ಆದದ್ದು ತಿರುಗುಮುರುಗು. ಕಡಲಡಿಯ ಕೆಸರು ಮರವನ್ನು ಕಾಪಾಡಿತು, ಉಪ್ಪುನೀರು ಕಬ್ಬಿಣವನ್ನು ತಿಂದು ಮುಗಿಸಿತು. ಹೀಗಾಗಿ ಆ ಹಡಗಿನ ಬಾಕುಗಳಲ್ಲಿ ನಮಗೆ ದಕ್ಕಿದ್ದು ಹಿಡಿಗಳು. ಅಲಗು ಸೇರುವಲ್ಲಿ ಎರಡು ದುಂಡನೆಯ ಉಬ್ಬು. ಗಂಡಸಿನ ಅಂಗವನ್ನೇ ನೆನಪಿಸುವ ಆಕಾರ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಲು ಆ ಕಾಲದವರಿಗೆ ಯಾವ ನಾಚಿಕೆಯೂ ಇರಲಿಲ್ಲ.

ಕೈಯಾರೆ ಪ್ರತಿಕೃತಿ ಮಾಡುವ ಕುಶಲಕರ್ಮಿಯ ಬಗ್ಗೆ ನನಗೆ ಗೌರವ ಹುಟ್ಟುವುದು ಇಲ್ಲೇ. ಇಲ್ಲದ ಅಲಗನ್ನು ಆತ ಇರುವುದರಿಂದ ಊಹಿಸಬೇಕು. ಹಿಡಿಯೊಳಗಿನ ತೂತು ಅಲಗಿನ ಬಾಲ ಎಷ್ಟು ದಪ್ಪವಿತ್ತೆಂದು ಹೇಳುತ್ತದೆ, ಉಳಿದ ಚರ್ಮದ ಒರೆ ಅಲಗಿನ ಅಗಲ ಹೇಳುತ್ತದೆ. ಬಾಕಿಯದನ್ನು ಬೇರೆಡೆ ಸಿಕ್ಕ ಅಲಗುಗಳಿಂದ ತುಂಬಿಕೊಳ್ಳಬೇಕು. ಚಿತ್ರ ನೋಡಿ ಯಂತ್ರದಲ್ಲಿ ಕತ್ತರಿಸಿದ ಅಗ್ಗದ ನಕಲುಗಳು ಇಲ್ಲೇ ಸೋಲುತ್ತವೆ. ಅವುಗಳ ಅಲಗು ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಕೈಗೆತ್ತಿಕೊಂಡರೆ ಹಾರೆ ಹಿಡಿದಂತೆ. ಹಳೆಯ ಅಲಗು ತುದಿಯತ್ತ ಸಣ್ಣಗಾಗುತ್ತ ಹೋಗುತ್ತದೆ, ಭಾರವೆಲ್ಲ ಮುಷ್ಟಿಯ ಹತ್ತಿರ ನಿಲ್ಲುತ್ತದೆ.

ರಾಂಡೆಲ್ ಬಾಕನ್ನೇ ನೋಡಿ. ಹದಿನಾಲ್ಕು, ಹದಿನೈದನೇ ಶತಮಾನದ ಯೋಧರಿಗೆ ಅಚ್ಚುಮೆಚ್ಚಿನದು. ಹಿಡಿಯ ಎರಡೂ ಕೊನೆಗೆ ಒಂದೊಂದು ದುಂಡು ಬಿಲ್ಲೆ. ಗಾಜಿನಾಚೆಯಿಂದ ಅದು ಅಲಂಕಾರದಂತೆ ಕಾಣುತ್ತದೆ. ಒಳ್ಳೆಯ ಪ್ರತಿಕೃತಿಯನ್ನು ಅಲಗು ಕೆಳಮುಖವಾಗಿ ಹಿಡಿದರೆ ಅದರ ಕೆಲಸ ತಿಳಿಯುತ್ತದೆ: ಬಿಲ್ಲೆಗಳ ನಡುವೆ ಮುಷ್ಟಿ ಭದ್ರವಾಗಿ ಕೂರುತ್ತದೆ, ಎಷ್ಟೇ ಬಲವಾಗಿ ತಿವಿದರೂ ಜಾರುವುದಿಲ್ಲ. ಉಕ್ಕಿನ ಕವಚ ತೊಟ್ಟವನನ್ನು ಕೊಯ್ದು ಪ್ರಯೋಜನವಿಲ್ಲ. ಕಂಕುಳಲ್ಲೋ ಮುಖಗವಸಿನಲ್ಲೋ ಸಂದು ಹುಡುಕಿ ತಿವಿಯಬೇಕು. ಇಟಲಿಯ ಖಡ್ಗಗುರು ಫಿಯೋರೆ ದೇಯಿ ಲಿಬೇರಿ ಹದಿನೈದನೇ ಶತಮಾನದ ಮೊದಲಲ್ಲಿ ಬರೆಸಿದ ಸಚಿತ್ರ ಹಸ್ತಪ್ರತಿಗಳಲ್ಲಿ ಬಾಕಿನ ಕಾದಾಟಕ್ಕೆ ಪುಟಗಟ್ಟಲೆ ಜಾಗವಿದೆ. ಇಂದು ಆ ಪಟ್ಟುಗಳನ್ನು ಅಭ್ಯಾಸ ಮಾಡುವವರು ಮೊಂಡು ತುದಿಯ ಪ್ರತಿಕೃತಿ ಹಿಡಿದೇ ಅವುಗಳ ಅರ್ಥ ಬಿಡಿಸುತ್ತಿದ್ದಾರೆ.

ಹಾಗೆಂದು ನಕಲು ಮಾಡುವುದೆಲ್ಲ ಪುಣ್ಯದ ಕೆಲಸವೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಧ್ಯಯುಗದ ಹುಚ್ಚು ಹತ್ತಿದ್ದ ಸಿರಿವಂತರಿಗಾಗಿ ಮ್ಯೂನಿಕ್‌ನ ಅರ್ನ್ಸ್ಟ್ ಶ್ಮಿಟ್‌ನ ಕಾರ್ಖಾನೆ ಸೊಗಸಾದ ಆಯುಧ, ಕವಚಗಳ ಪ್ರತಿಕೃತಿಗಳನ್ನು ಮಾಡಿತು. ಅಂಥ ವಸ್ತುಗಳು ಕೈಯಿಂದ ಕೈಗೆ ದಾಟುವಾಗ ಅಸಲಿಯೆಂದು ಮಾರಾಟವಾಗುವ ಅಪಾಯ ಇದ್ದೇ ಇದೆ. ಅಂಥದೊಂದು ಸಂಗ್ರಹಕ್ಕೆ ಸೇರಿಬಿಟ್ಟರೆ ಅದನ್ನು ನಂಬಿ ಬರೆದ ಇತಿಹಾಸವೂ ಕೆಡುತ್ತದೆ. ಅದಕ್ಕೇ ಅಲಗಿನ ಬುಡದಲ್ಲಿ ತನ್ನದೇ ಮುದ್ರೆ ಒತ್ತುವ ಕುಶಲಕರ್ಮಿಯನ್ನು ನಾನು ಮೆಚ್ಚುತ್ತೇನೆ. ವಸ್ತುಸಂಗ್ರಹಾಲಯಗಳಲ್ಲಿ ನನಗೆ ಬೇಕಾದದ್ದೂ ಅಂಥವನ ಬಾಕೇ: ಅಸಲಿ ಗಾಜಿನೊಳಗಿರಲಿ, ಅದರ ಪಕ್ಕದ ಮೇಜಿನ ಮೇಲೆ ಶಾಲೆಯ ಮಕ್ಕಳು ಎತ್ತಿ ತೂಗಿ ನೋಡಲು ಮೊಂಡು ಅಲಗಿನದೊಂದನ್ನು ಇಡಲಿ.