ಬಿಳಿ ಹೊದಿಕೆಯ ಮೂವತ್ತು ಹಾಡುಗಳು



ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಊರಿನ ನಾಲ್ಕು ಜನರ ತಂಡ ಬೀಟಲ್ಸ್. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ಡ್ರಮ್ ಬಾರಿಸುವ ರಿಂಗೋ ಸ್ಟಾರ್. ನಮ್ಮ ಮಾವ ಬೆಂಗಳೂರಿನಿಂದ ಬರುವಾಗ ಇವರ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದರು. ಅದರಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ್ದು 1968ರ ನವೆಂಬರ್ 22ರಂದು ಬಂದ ಆಲ್ಬಂ. ಅದಕ್ಕೆ ಬೇರೆ ಹೆಸರಿಲ್ಲ, ತಂಡದ ಹೆಸರೇ ಅದರ ಹೆಸರು. ಹೊದಿಕೆ ಪೂರ್ತಿ ಬಿಳಿ ಇರುವುದರಿಂದ ಎಲ್ಲರೂ ವೈಟ್ ಆಲ್ಬಂ ಅಂತಾರೆ. ಎರಡು ಪ್ಲೇಟು, ಮೂವತ್ತು ಹಾಡು.

ಮೂವತ್ತೂ ಚೆನ್ನಾಗಿವೆ ಅಂತ ನಾನು ಹೇಳುವುದಿಲ್ಲ. ವೈಲ್ಡ್ ಹನಿ ಪೈ ಅಂತ ಒಂದಿದೆ, ಒಂದು ನಿಮಿಷವೂ ಇಲ್ಲ, ಅಷ್ಟಾದರೂ ಸಾಕಪ್ಪಾ ಅನ್ನಿಸುತ್ತದೆ. ರೆವಲ್ಯೂಷನ್ 9 ಅನ್ನುವುದು ಹಾಡೇ ಅಲ್ಲ. ಎಂಟು ನಿಮಿಷಕ್ಕೂ ಹೆಚ್ಚು ಹೊತ್ತು ಜನರ ಕೂಗು, ಗದ್ದಲ, ಹಿಂದುಮುಂದಾದ ಟೇಪು. ಅದನ್ನು ಹಾಕಿದಾಗ ನಮ್ಮಜ್ಜಿ "ಮೊಬೈಲು ಕೆಟ್ಟೋಯ್ತೇನೇ?" ಅಂದರು. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಜಾರ್ಜ್ ಮಾರ್ಟಿನ್ ಕೂಡ ಒಳ್ಳೆಯ ಹಾಡು ಆರಿಸಿ ಒಂದೇ ಪ್ಲೇಟು ಮಾಡೋಣ ಅಂತ ಹೇಳಿದ್ದರಂತೆ. ಯಾರೂ ಕೇಳಲಿಲ್ಲ. ನಮ್ಮ ಮಾವನದೂ ಅದೇ ಮಾತು, ಅರ್ಧ ತೆಗೆದು ಬಿಸಾಕಬೇಕಿತ್ತು ಅಂತ. ಯಾವ ಅರ್ಧ ಅಂತ ಕೇಳಿದರೆ ಮಾತ್ರ ದಿನಕ್ಕೊಂದು ಪಟ್ಟಿ ಹೇಳುತ್ತಾರೆ.

ಇದರಲ್ಲಿ ಬಹಳಷ್ಟು ಹಾಡು ಹುಟ್ಟಿದ್ದು ನಮ್ಮ ದೇಶದಲ್ಲೇ, ಗೊತ್ತಾ? 1968ರ ಮೊದಲ ತಿಂಗಳುಗಳಲ್ಲಿ ನಾಲ್ವರೂ ಧ್ಯಾನ ಕಲಿಯಲು ಋಷಿಕೇಶಕ್ಕೆ, ಗಂಗಾ ದಡದಲ್ಲಿದ್ದ ಮಹರ್ಷಿ ಮಹೇಶ್ ಯೋಗಿಯವರ ಆಶ್ರಮಕ್ಕೆ ಬಂದಿದ್ದರು. ಅಲ್ಲಿ ಪ್ರುಡೆನ್ಸ್ ಎಂಬ ಹುಡುಗಿ ಧ್ಯಾನಕ್ಕೆ ಕೂತವಳು ಕೋಣೆ ಬಿಟ್ಟು ಹೊರಗೇ ಬರುತ್ತಿರಲಿಲ್ಲವಂತೆ. ಅವಳನ್ನು ಕರೆಯುವುದಕ್ಕೆ ಜಾನ್ ಕಟ್ಟಿದ ಹಾಡು ಡಿಯರ್ ಪ್ರುಡೆನ್ಸ್. ಅದು ಮೆಲ್ಲಗೆ ಶುರುವಾಗಿ, ಬೆಳಗಾಗುವ ಹಾಗೆ ಏರುತ್ತಾ ಹೋಗುತ್ತದೆ. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಯಾರೋ ಬಾಗಿಲ ಹೊರಗೆ ನಿಂತು ಕರೀತಾ ಇದ್ದಾರೆ ಅಂತ ತಿಳಿಯುತ್ತದೆ. ಮೂವತ್ತರಲ್ಲಿ ನನಗೆ ಇದೇ ಮೊದಲು.

ಊರಿಗೆ ವಾಪಸ್ ಹೋಗಿ ರೆಕಾರ್ಡು ಮಾಡುವಾಗ ಅವರೊಳಗೆ ಜಗಳ. ಬ್ಲ್ಯಾಕ್‌ಬರ್ಡ್ ಅನ್ನು ಪಾಲ್ ಒಬ್ಬನೇ ಹಾಡಿದ. ಜೂಲಿಯಾ ಹಾಡನ್ನು ಜಾನ್ ಒಬ್ಬನೇ ಹಾಡಿದ, ಅದು ತೀರಿಹೋದ ಅವನ ತಾಯಿಯ ಹೆಸರು. ನಾಲ್ವರೂ ಸೇರಿ ನುಡಿಸಿದ್ದು ಸುಮಾರು ಅರ್ಧ ಹಾಡುಗಳಲ್ಲಿ ಮಾತ್ರ.

ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೋದ ವರ್ಷ ಸುಗ್ಗಿ ಆದ ಮೇಲೆ ನಮ್ಮ ಮನೆ ಪಾಲಾಯಿತು. ಸೂರು ಒಂದೇ, ಒಲೆ ಎರಡು. ನಡುಮನೆಗೆ ಅಡ್ಡ ಗೋಡೆ ಎದ್ದಿದೆ. ಆ ಕಡೆ ಚಿಕ್ಕಮ್ಮ ಒಗ್ಗರಣೆ ಹಾಕಿದರೆ ಘಮ ನಮಗೂ ಬರುತ್ತದೆ, ಹೋಗಿ ಕೂತು ಉಣ್ಣುವ ಹಾಗಿಲ್ಲ. ನೆಂಟರು ಬಂದ ದಿನ ಮಾತ್ರ ಅಪ್ಪ, ಚಿಕ್ಕಪ್ಪ ಇಬ್ಬರೂ ಜಗುಲಿಯಲ್ಲಿ ನಗುನಗುತ್ತಾ ಮಾತಾಡುತ್ತಾರೆ. ಬೀಟಲ್ಸ್‌ನಲ್ಲೂ ಹಾಗೇ ಆಯಿತು. ಜಾರ್ಜ್ ಬರೆದ ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್ ಹಾಡಿಗೆ ಉಳಿದವರು ಗಮನ ಕೊಡಲಿಲ್ಲ. ಅವನು ಎರಿಕ್ ಕ್ಲಾಪ್ಟನ್ ಎಂಬ ಸ್ನೇಹಿತನನ್ನು ಗಿಟಾರ್ ನುಡಿಸಲು ಕರೆದುಕೊಂಡು ಬಂದ. ಹೊರಗಿನವನು ಬಂದಿದ್ದಾನೆ ಅಂತ ಎಲ್ಲರೂ ನೆಟ್ಟಗಾದರು! ಆ ಗಿಟಾರ್ ನಿಜವಾಗಲೂ ಅಳುತ್ತದೆ.

ಆಗಸ್ಟ್‌ನಲ್ಲಿ ರಿಂಗೋ ಬೇಸರವಾಗಿ ಬಿಟ್ಟೇ ಹೋಗಿದ್ದ. ಅದಕ್ಕೇ ಡಿಯರ್ ಪ್ರುಡೆನ್ಸ್‌ನಲ್ಲಿ ಡ್ರಮ್ ಬಾರಿಸಿದ್ದು ಪಾಲ್. ಉಳಿದವರು ಬಾ ಅಂತ ಹೇಳಿ ಕಳಿಸಿದರು. ಸುಮಾರು ಎರಡು ವಾರದ ಮೇಲೆ ಬಂದರೆ ಸ್ಟುಡಿಯೋ ತುಂಬಾ ಹೂವು, ಆಯುಧಪೂಜೆ ದಿನ ನಮ್ಮೂರ ಟ್ರ್ಯಾಕ್ಟರ್ ಇದ್ದ ಹಾಗೆ. ಮಾಡಿಸಿದವನು ಜಾರ್ಜ್. ಆದರೂ 1970ರಲ್ಲಿ ತಂಡ ಒಡೆದೇ ಹೋಯಿತು.

ಅರ್ಧ ತೆಗೆದು ಬಿಸಾಕಿದ್ದರೆ ಆಲ್ಬಂ ಚೆನ್ನಾಗಿಯೇ ಇರುತ್ತಿತ್ತು. ಆದರೆ ಒಂದೇ ಪ್ಲೇಟಿನಲ್ಲಿ ಯಾರದ್ದಾದರೂ ಪಾಲು ಕಡಿಮೆಯಾಗುತ್ತಿತ್ತು, ಅದು ರಿಂಗೋನದ್ದೇ ಇರಬೇಕು ಅಂತ ನನ್ನ ಗುಮಾನಿ. ವೈಲ್ಡ್ ಹನಿ ಪೈ ಹೋಗಲಿ ಬಿಡಿ, ಅದಕ್ಕೆ ನಾನೂ ಒಪ್ಪುತ್ತೇನೆ. ರೆವಲ್ಯೂಷನ್ 9 ಇರಲಿ, ಯಾಕೆಂದರೆ ಆ ಗದ್ದಲ ಮುಗಿದ ತಕ್ಷಣ ಬರುವುದು ಗುಡ್ ನೈಟ್. ಅದು ಜಾನ್ ತನ್ನ ಐದು ವರ್ಷದ ಮಗನಿಗೆ ಬರೆದ ಜೋಗುಳ. ಆದರೆ ಹಾಡಿಸಿದ್ದು ಆಮೇಲೆ ಬಿಟ್ಟುಹೋಗಿ ವಾಪಸ್ ಬಂದ ರಿಂಗೋನ ಕೈಲಿ.

ರಾತ್ರಿ ಅದನ್ನು ನಾನು ಸ್ವಲ್ಪ ಜೋರಾಗಿಯೇ ಹಾಕುತ್ತೇನೆ. ಗೋಡೆಯ ಆ ಕಡೆ ಚಿಕ್ಕಪ್ಪನ ಮಗ ಮಲಗುತ್ತಾನೆ, ಇನ್ನೂ ಅಂಗನವಾಡಿ. "ಅಕ್ಕಾ, ಇನ್ನೊಂದ್ಸಲ ಹಾಕೇ" ಅಂತ ಅಲ್ಲಿಂದಲೇ ಕೂಗುತ್ತಾನೆ.