ಬೇತಮಂಗಲದಲ್ಲಿ ಜಮೀನು ನೋಡುವವರು

ತಂತಿ, ನಲ್ಲಿ ಎರಡರ ಹಂಗೂ ಇಲ್ಲದೆ ಬದುಕುವ ಆಸೆಯಿಂದ ಬೇತಮಂಗಲದ ಕಡೆ ಜಮೀನು ನೋಡಲು ಹೊರಟವರು ಅಕ್ಟೋಬರಿನಲ್ಲಿ ಬರಬಾರದು. ಆಗ ಹೊಲದ ತುಂಬ ರಾಗಿ ತೆನೆ, ಬದುವಿನಲ್ಲಿ ಅವರೆ ಹೂವು. ಏನು ತೋರಿಸಿದರೂ ಮನಸ್ಸಿಗೆ ಒಪ್ಪಿಬಿಡುತ್ತದೆ. ಏಪ್ರಿಲ್‌ನಲ್ಲಿ ಬರಬೇಕು, ನೀರಿನ ನಿಜಸ್ಥಿತಿ ತಿಳಿಯುವುದು ಆಗಲೇ.

ಪಾಲಾರ್‌ಗೆ ಅಡ್ಡ ಕಟ್ಟಿದ ಇಲ್ಲಿನ ಕೆರೆಯ ನೀರನ್ನೇ ಒಂದು ಕಾಲಕ್ಕೆ ಕೆಜಿಎಫ್ ಗಣಿ ಕಾಲೊನಿಗಳು ಕುಡಿದವು. ಅದೇ ಗಣಿಗೆ 1902ರಲ್ಲಿ ಕರೆಂಟು ಬಂದದ್ದು ದೂರದ ಶಿವನಸಮುದ್ರದಿಂದ.

ಈಗ ಕರೆಂಟಿನ ಚಿಂತೆ ಅಷ್ಟಿಲ್ಲ. ಬಿಸಿಲು ಧಾರಾಳ, ನಾಲ್ಕು ಸೋಲಾರ್ ಫಲಕ ದೀಪ, ಫ್ಯಾನಿಗೆ ಸಾಕು. ಬೋರ್‌ವೆಲ್ ಮೋಟರು ಮಾತ್ರ ಬೇರೆ ಮಾತು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಅಪರೂಪವಲ್ಲ, ಸಿಕ್ಕ ನೀರಿನಲ್ಲೂ ಫ್ಲೋರೈಡ್ ಇರಬಹುದು. ಆಳ ಎಷ್ಟೆಂದು ಬ್ರೋಕರನ್ನಲ್ಲ, ಪಕ್ಕದ ಹೊಲದವರನ್ನು ಕೇಳಬೇಕು.

ಅದಕ್ಕಿಂತ ತಾರಸಿಯೇ ವಾಸಿ. ವರ್ಷಕ್ಕೆ 700 ಮಿ.ಮೀ. ಮಳೆ ಎಂದಿಟ್ಟುಕೊಂಡರೆ, 1,000 ಚದರಡಿಯಿಂದ ಸುಮಾರು 50,000 ಲೀಟರ್ ಹಿಡಿಯಬಹುದು. ನಾಲ್ಕು ಜನ ದಿನಕ್ಕೆ ತಲಾ 35 ಲೀಟರಿನಲ್ಲಿ ಮುಗಿಸಿದರೆ ಹೆಚ್ಚೂಕಮ್ಮಿ ವರ್ಷ ದೂಡಬಹುದು.

ಇದರಲ್ಲಿ ತರಕಾರಿ ಮಡಿಯ ಪಾಲಿಲ್ಲ. ಹಾಲು ಕೊಡುವ ಸೀಮೆಹಸುವಂತೂ ಬೇಸಿಗೆಯಲ್ಲಿ ಒಂದೇ ದಿನ 50 ಲೀಟರ್‌ಗಿಂತ ಹೆಚ್ಚು ಕುಡಿದುಬಿಡುತ್ತದೆ.