ತಲೆಸುತ್ತು

ಸಂಸ್ಕೃತದಲ್ಲಿ ‘ಭ್ರಮ’ ಎಂಬ ಶಬ್ದಕ್ಕೆ ಸುತ್ತುವಿಕೆಯೆಂದೂ ತಪ್ಪುತಿಳಿವೆಂದೂ ಎರಡು ಅರ್ಥಗಳುಂಟು. ಆಯುರ್ವೇದದ ಗ್ರಂಥಗಳು ತಲೆಸುತ್ತನ್ನು ಇದೇ ಹೆಸರಿನಿಂದ ಕರೆದಿವೆ. ಮೂವತ್ತು ವರ್ಷ ಹುಡುಗರಿಗೆ ಈ ಶಬ್ದವನ್ನು ಹೇಳಿಕೊಟ್ಟ ನಮಗೆ ಅದರ ಅನುಭವವು ಒದಗಿದುದು ಕಳೆದ ಮಾರ್ಗಶಿರದಲ್ಲಿ. ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದೊಡನೆಯೇ ತೊಲೆ, ಜಂತೆ, ಗೋಡೆಗಳೆಲ್ಲವೂ ಕುಂಬಾರನ ಚಕ್ರದಂತೆ ತಿರುಗಿದುವು. ಅರೆನಿಮಿಷದಲ್ಲಿ ಶಾಂತವಾಯಿತಾದರೂ ಆ ಮಗ್ಗುಲಿಗೆ ತಿರುಗಿದಾಗಲೆಲ್ಲ ಮರಳಿ ಬಂದಿತು.

ಪಿತ್ತವೆಂದು ನಮ್ಮ ಮನೆಯವರು ಜೀರಿಗೆಯ ಕಷಾಯವನ್ನಿತ್ತರು. ತಲೆಯನ್ನು ಅಲುಗಿಸದೆ ಮಲಗಿರಬೇಕೆಂಬುದು ನೋಡಬಂದವರೆಲ್ಲರ ಉಪದೇಶ. ಕ್ರಮೇಣ ರೋಗಕ್ಕಿಂತಲೂ ಭಯವೇ ದೊಡ್ಡದಾಯಿತು. ಕೆರೆಯ ಏರಿಯ ಮೇಲಣ ಸಂಜೆಯ ನಡಿಗೆ ನಿಂತಿತು. ಬಚ್ಚಲಿಗೆ ಹೋಗಲೂ ಮೊಮ್ಮಗನ ಹೆಗಲು ಬೇಕಾಯಿತು. ಮುಪ್ಪಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರ ಪಾಡನ್ನು ನಾವು ಕಂಡವರೇ.

ಕಿವಿಯ ವೈದ್ಯರು ನಮ್ಮನ್ನು ಫಿಸಿಯೋಥೆರಪಿಯಲ್ಲಿ ನುರಿತ ತರುಣಿಯೊಬ್ಬರ ಬಳಿಗೆ ಕಳುಹಿಸಿದರು. “ಮೇಷ್ಟ್ರೇ, ಕಣ್ಣು ಮುಚ್ಚಬೇಡಿ” ಎಂದು ಹೇಳಿ, ಆಕೆ ನಮ್ಮ ತಲೆಯನ್ನು ಬಲಕ್ಕೆ ಓರೆಯಾಗಿ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆಗಳ ಅದುರಾಟವನ್ನು ಪರೀಕ್ಷಿಸಿದರು. ಪ್ರತಿಯೊಂದು ಒಳಗಿವಿಯಲ್ಲಿಯೂ ದ್ರವ ತುಂಬಿದ ಮೂರು ಅರ್ಧವೃತ್ತನಾಳಗಳಿವೆ. ಅವುಗಳ ಬುಡದ ಚೀಲದಲ್ಲಿರಬೇಕಾದ ಸುಣ್ಣದ ಸೂಕ್ಷ್ಮ ಹರಳುಗಳು ಕಳಚಿ ನಾಳವನ್ನು ಹೊಕ್ಕರೆ, ತಲೆ ನಿಂತ ಮೇಲೂ ಅವು ಜಾರುತ್ತ ದ್ರವವನ್ನು ಕದಡುವುವು. ತಿರುಗುತ್ತಿರುವೆವೆಂದು ಕಿವಿಯು ಸಾಕ್ಷಿ ಹೇಳುವುದು. ಇಲ್ಲವೆಂದು ಮೈಯ ಸಂಧಿಗಳು ಹೇಳುವುವು. ಭ್ರಮವೆಂಬ ಶಬ್ದದ ಎರಡರ್ಥಗಳೂ ಇಲ್ಲಿ ಕೂಡಿದಂತಾಯಿತು.

ಇದಕ್ಕೆ ಮದ್ದು ಚಲನೆಯೇ. ತಲೆಯನ್ನು ಹಂತಹಂತವಾಗಿ ಒಂದು ಪಕ್ಕದಿಂದ ಇನ್ನೊಂದಕ್ಕೆ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಸಾಗಿಸುವರು. ಅಮೆರಿಕೆಯ ವೈದ್ಯ ಜಾನ್ ಎಪ್ಲಿಯವರು 1992ರಲ್ಲಿ ಪ್ರಕಟಿಸಿದ ಕ್ರಮವಿದು. ಎರಡು ಸಲಕ್ಕೆ ನಮ್ಮ ಸುತ್ತು ನಿಂತಿತು.

ಹೆಜ್ಜೆಯ ಅಳುಕು ಮಾತ್ರ ಉಳಿದಿತ್ತು. ಅದಕ್ಕೆ ಬೇರೆ ಅಭ್ಯಾಸಗಳು: ಚಾಚಿದ ಹೆಬ್ಬೆರಳಿನಲ್ಲಿ ದೃಷ್ಟಿಯಿಟ್ಟು ತಲೆಯನ್ನು ಎಡಬಲಕ್ಕೆ ಆಡಿಸುವುದು, ಗೋಡೆಯ ಮೂಲೆಯಲ್ಲಿ ಪಾದಗಳನ್ನು ಜೋಡಿಸಿ ನಿಲ್ಲುವುದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಗಲುವಂತೆ ನಡೆಯುವುದು. ಮೊದಮೊದಲು ತುಸು ಸುತ್ತು ಬಂದೇ ಬರುವುದು. ಮಿದುಳು ಪಾಠ ಕಲಿಯುವುದು ಅದರಿಂದಲೇ. 1940ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯರಾದ ಕಾಥಾರ್ನ್ ಮತ್ತು ಕುಕ್ಸಿ ಎಂಬವರು, ತಲೆಯನ್ನು ಆಡಿಸುತ್ತ ಬೇಗ ಓಡಾಡಿದ ರೋಗಿಗಳು ಬೇಗ ಗುಣಹೊಂದುವುದನ್ನು ಕಂಡು ಇಂಥ ಅಭ್ಯಾಸಗಳನ್ನು ರೂಪಿಸಿದರು. ಆರು ವಾರ ತಪ್ಪದೆ ನಡೆಸಿ ನಾವು ಊರುಗೋಲಿಲ್ಲದೆ ಕೆರೆಯ ಏರಿಯನ್ನು ಹತ್ತಿದೆವು.

ಆದರೆ ತಲೆಸುತ್ತೆಲ್ಲವೂ ಹರಳಿನದಲ್ಲ. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಕುತ್ತಿಗೆಯ ಬಾಧೆಯುಳ್ಳವರು ಬಲ್ಲವರ ಸಹಾಯವಿಲ್ಲದೆ ಈ ಕ್ರಮಕ್ಕೆ ಕೈಹಾಕಬಾರದು. ಮನೆಯ ಹಿರಿಯರು ತಲೆಸುತ್ತಿಗೆ ಅಂಜಿ ಹಾಸಿಗೆ ಹಿಡಿದಿದ್ದರೆ, ವಯಸ್ಸಿನ ಗುಣವೆಂದು ಸುಮ್ಮನಿರದೆ, ಗೃಹಸ್ಥರು ಅವರನ್ನು ಪರೀಕ್ಷೆಗೆ ಕರೆದೊಯ್ಯಲಿ. ಮೇಲೆ ಹೇಳಿದ ಅಭ್ಯಾಸಗಳಿಗೆ ಬೇಕಾದುದು ಒಂದು ಗೋಡೆ, ಪಕ್ಕದಲ್ಲಿ ನಿಲ್ಲುವ ಮನೆಯವರೊಬ್ಬರು, ದಿನಕ್ಕೆ ಕಾಲುಗಂಟೆ.